ಚೀಲದತ್ತೆಯ ಬಸ್ಸು

ಆ ಊರಿನವರು ಸೋಮಾರಿಗಳಲ್ಲ, ಜಾಣರು. ಬಸ್ಸು ಸಿಗುವ ಮುಖ್ಯರಸ್ತೆಗೆ ಗಂಟೆಗಟ್ಟಲೆ ನಡೆಯಬೇಕಾದರೆ ಮನೆಗೊಬ್ಬರು ಪೇಟೆಗೆ ಹೋಗಿ ಕಾಲು ಸವೆಸುವುದೇಕೆ? ಹೋಗುವವರು ಒಬ್ಬರಿದ್ದರೆ ಸಾಕು, ಊರಿನ ಕೆಲಸವೆಲ್ಲ ಅವರ ಚೀಲಕ್ಕೆ. ವರ್ಷಗಳಿಂದ ಆ ಒಬ್ಬರೆಂದರೆ ದರ್ಜಿಯ ಹೆಂಡತಿ. ಗಂಡನ ಅಂಗಡಿಗೆ ದಾರ, ಗುಂಡಿ ತರಲು ಹೇಗೂ ಹೋಗುತ್ತಿದ್ದಳು. ಜೊತೆಗೆ ಒಬ್ಬರ ಮಾತ್ರೆ, ಇನ್ನೊಬ್ಬರ ಒಡೆದ ಕನ್ನಡಕ, ಮತ್ತೊಬ್ಬರ ಪಂಪಿನ ವಾಷರ್. ಊರಿಗೆಲ್ಲ ಅವಳು ಚೀಲದತ್ತೆ. ಆ ಹೆಸರು ಅವಳಿಗೆ ಇಷ್ಟವಿತ್ತು. ತಾನಿಲ್ಲದೆ ಊರು ನಡೆಯದು ಎಂಬ ಜಂಬವೂ ಸ್ವಲ್ಪ ಇತ್ತೆನ್ನಿ.

ಹೋದ ವರ್ಷ ದರ್ಜಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ವಾರವಾರ ಪೇಟೆಯ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸಿದರೆ ಕೈ ಮರಳಬಹುದು ಎಂದರು ಡಾಕ್ಟರು. ಕರೆದೊಯ್ಯುವುದು ಹೇಗೆ? ಗಾಡಿಯಲ್ಲಿ ಮಲಗಿಸಿ ಒಯ್ದಾಗ ಕಲ್ಲುದಾರಿಯ ಕುಲುಕಾಟಕ್ಕೆ ಅವನು ಹಲ್ಲು ಕಚ್ಚಿ ಅತ್ತಿದ್ದ. ಕೊನೆಗೂ ದಾರಿಗೆ ಡಾಂಬರು ಬಿತ್ತು, ಊರೊಳಗೇ ಬಸ್ಸು ಬಂತು. ಜನ ಹತ್ತಿದರೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂಬ ಷರತ್ತಿನ ಮೇಲೆ.

ಕೆಲವು ವಾರಗಳಲ್ಲೇ ದರ್ಜಿಯ ಹೆಬ್ಬೆರಳು ಅಲ್ಲಾಡಿತು. ಅದೇ ದಿನ ಕಂಡಕ್ಟರ್ ಖಾಲಿ ಸೀಟುಗಳತ್ತ ಕೈ ತೋರಿಸಿದ.

“ನೋಡಿ ಅತ್ತೆ, ನೀವಿಬ್ರು, ಆ ಮೇಷ್ಟ್ರು, ಅಷ್ಟೇ. ನಿಮ್ಮೂರಲ್ಲಿ ಸಾವಿರ ಜನ ಇದಾರಂತೆ. ಎಲ್ಲಿದಾರೆ? ಹೀಗಾದ್ರೆ ಮುಂದಿನ ತಿಂಗಳು ಬಸ್ ನಿಲ್ಲಿಸ್ತಾರೆ.”

ಅವಳು ಮಡಿಲಲ್ಲಿದ್ದ ಚೀಲ ನೋಡಿದಳು. ಸಾವಿರ ಜನರೂ ಅದರೊಳಗೇ ಕುಳಿತಿದ್ದರು.

ಮನೆಮನೆಗೆ ಹೋಗಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಮರುವಾರ ಬಸ್ಸು ಬಂದಾಗ ಅವರೇ ಬಾಗಿಲಿಗೆ ಬಂದು, “ಹೇಗೂ ಹೋಗ್ತಿದೀರಲ್ಲ ಅತ್ತೆ, ಇದೊಂದು ತಂದ್ಬಿಡಿ” ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಅವಳು ಚೀಲವನ್ನು ಮೊಳೆಗೆ ನೇತುಹಾಕಿದಳು.

“ಇನ್ನು ನನ್ನ ಕೈಲಾಗಲ್ಲ. ಬೇಕಾದವರು ಬಸ್ ಹತ್ತಿ.”

ವಾರಗಿತ್ತಿಯ ಮಾತ್ರೆಯನ್ನೂ ತರಲಿಲ್ಲ. “ಭಾವನ ಕೈಗೆ ಜೀವ ಬಂತು, ನಿನ್ನ ಕೈಗೇನಕ್ಕ ಬಂತು ರೋಗ?” ಎಂದು ವಾರಗಿತ್ತಿ ನಡುಬೀದಿಯಲ್ಲೇ ಕೇಳಿದಳು. ಜನ ಮುಖ ತಿರುಗಿಸತೊಡಗಿದರು. ವರ್ಷಗಟ್ಟಲೆ ಚೀಲ ಹೊತ್ತು ಗಳಿಸಿದ್ದನ್ನು ‘ಇಲ್ಲ’ ಎಂಬ ಒಂದು ಮಾತು ನುಂಗಿಹಾಕಿತ್ತು. ಹೊಲಿಗೆ ಯಂತ್ರದ ಹಿಂದೆ ಕೂತು ಅವಳು ಅತ್ತಳು.

“ಚೀಲ ತಗೊಂಡು ಹೋಗೇ,” ಎಂದ ದರ್ಜಿ. “ಈ ಕೈ ಹೋದ್ರೆ ಹೋಯ್ತು.”

“ನೀವು ಸುಮ್ನಿರಿ,” ಎಂದಳು.

ಆದರೆ ಮಾತ್ರೆ ಮುಗಿಯುತ್ತದೆ, ವಾಷರ್ ಸವೆಯುತ್ತದೆ. ಜನ ಒಬ್ಬೊಬ್ಬರಾಗಿ ಅವಳನ್ನು ಬೈದುಕೊಂಡೇ ಬಸ್ಸು ಹತ್ತಿದರು. ಒಮ್ಮೆ ಪೇಟೆ ನೋಡಿದವರು ಮತ್ತೆ ಹೊರಟರು. ಜೊತೆಗೆ ಹೆಂಡತಿಯರು, ಮಕ್ಕಳು. ತಿಂಗಳ ಕೊನೆಗೆ ಕಂಡಕ್ಟರ್ ಬೆವರೊರೆಸುತ್ತ, “ಬಸ್ ಖಾಯಂ ಆಯ್ತು ಅತ್ತೆ. ಕಾಲಿಡೋಕೆ ಮಾತ್ರ ಜಾಗ ಇಲ್ಲ” ಎಂದ.

ನಿಜವಾಗಿಯೂ ಇರಲಿಲ್ಲ. ಗಂಡನನ್ನು ಹಿಡಿದು ಹತ್ತಿಸಿದರೆ ಯಾರೂ ಏಳಲಿಲ್ಲ. ಕಿಟಕಿಯ ಪಕ್ಕದ ವಾರಗಿತ್ತಿ ನೋಡಿಯೂ ನೋಡದಂತೆ ಹೊರಗೆ ತಿರುಗಿದಳು. ಚೀಲದತ್ತೆಗೆ ಮೈಯೆಲ್ಲ ಉರಿಯಿತು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಕಾಯಿಲೆಯ ಮನುಷ್ಯನ ಮೇಲೂ ಬೇಕೆ? ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಗಕ್ಕನೆ ಬ್ರೇಕ್ ಹಾಕಿತು. ಬೀಳುವ ಗಂಡನನ್ನು ಹಿಡಿಯಲು ಅವಳು ತಿರುಗಿದಳು.

ಅವನು ಬಿದ್ದಿರಲಿಲ್ಲ. ಬಲಗೈಯಲ್ಲಿ ಕಂಬಿ ಹಿಡಿದು ನಿಂತಿದ್ದ. ತಾನೇ ನಂಬಲಾರದವನಂತೆ ಆ ಕೈಯನ್ನೇ ನೋಡುತ್ತಿದ್ದ.

ವಾರಗಿತ್ತಿ ಎದ್ದಳು.

“ಕೂತ್ಕೊಳ್ಳಿ ಭಾವ.”

“ಬೇಡಮ್ಮ. ಅವಳು ಕೂತ್ಕೊಳ್ಲಿ. ಇಷ್ಟು ವರ್ಷ ಹೊತ್ತಿದಾಳೆ.”

ಅವಳು ಕೂತಳು. ಮಡಿಲಲ್ಲಿ ಚೀಲವಿಲ್ಲದೆ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.