ಎಡೆಗೆ ಮುಂಚೆ

ಆ ವರ್ಷ ಮಹಾಲಯ ಅಮಾವಾಸ್ಯೆಯೂ ಗಾಂಧಿ ಜಯಂತಿಯೂ ಒಂದೇ ದಿನ ಬಂದವು. ಪಂಚಾಂಗದವರಿಗೂ ಸರ್ಕಾರಿ ರಜಾಪಟ್ಟಿಯವರಿಗೂ ಇದರಲ್ಲಿ ತೊಂದರೆಯೇನೂ ಕಾಣಲಿಲ್ಲ. ತೊಂದರೆ ಕಾಣಿಸಿಕೊಂಡದ್ದು ಕಿರುಗಾವಲಿನ ಬೆಟ್ಟಮ್ಮನ ಮನೆಯಲ್ಲಿ, ಸಂಜೆ ಆರರ ಮೇಲೆ.

ಅಂದು ಹಿರಿಯರ ಹಬ್ಬ. ತೀರಿಹೋದವರು ಇಷ್ಟಪಡುತ್ತಿದ್ದುದನ್ನೆಲ್ಲ ಮಾಡಿ, ಎಲೆಯ ಮೇಲೆ ಎಡೆ ಇಟ್ಟು, ಧೂಪ ಹಾಕಿ, ಅವರು ಬಂದು ಉಂಡು ಹೋಗಲೆಂದು ಕೋಣೆಯ ಬಾಗಿಲು ಮುಚ್ಚಬೇಕು. ಬಾಗಿಲು ತೆರೆದ ಮೇಲೆ ಬದುಕಿರುವವರ ಸರದಿ. ಅಲ್ಲಿಯವರೆಗೆ ಯಾರೂ ಏನೂ ಬಾಯಿಗೆ ಹಾಕುವಂತಿಲ್ಲ. ಅಡುಗೆ ಮಾಡಿದವರು ಉಪ್ಪು ನೋಡುವಂತೆಯೂ ಇಲ್ಲ.

ಬೆಟ್ಟಮ್ಮನ ಗಂಡ ಕರಿಯಪ್ಪ ಹೋಗಿ ಮೂರು ವರ್ಷ. ಅವನು ಇಷ್ಟಪಡುತ್ತಿದ್ದ ಮಟನ್ ಸಾರು, ವಡೆ, ಕಜ್ಜಾಯ ಎಲ್ಲ ಸಿದ್ಧವಾಗಿದ್ದವು. ಎಲ್ಲಕ್ಕಿಂತ ಹೆಚ್ಚು ಇಷ್ಟಪಡುತ್ತಿದ್ದ ಕ್ವಾರ್ಟರ್ ಬಾಟಲಿಯನ್ನು ಹಿಂದಿನ ದಿನವೇ ತರಬೇಕಾಗಿದ್ದ ದೊಡ್ಡ ಮಗ ನಾಗರಾಜು ಮರೆತಿದ್ದ. ಗಾಂಧಿ ಜಯಂತಿಯಂದು ಆ ಅಂಗಡಿಗಳೆಲ್ಲ ಬಂದ್. ನಾಲ್ಕು ಗಂಟೆಗೆ ಬೈಕು ಹತ್ತಿ ಹೋದವನು ಇನ್ನೂ ಬಂದಿರಲಿಲ್ಲ. ಎಡೆ ಇಡಬೇಕಾದವನೂ ಅವನೇ.

ಕಿರಿಯ ಸೊಸೆ ಚಂದನಳಿಗೆ ಈ ಮನೆಯಲ್ಲಿ ಇದು ಮೊದಲ ಹಬ್ಬ. ಬೆಳಕವಾಡಿಯಿಂದ ಅವಳ ಅಪ್ಪ ಮಹದೇವಯ್ಯ ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಅರ್ಧ ಗಂಟೆಯೊಳಗೆ ಉಣ್ಣಬೇಕು, ಇಲ್ಲದಿದ್ದರೆ ಮೈಯ ಸಕ್ಕರೆ ತೀರ ಇಳಿದು ಎಚ್ಚರ ತಪ್ಪುತ್ತದೆ. ಊಟ ಹಿಂದುಮುಂದಾದರೂ ಅಪ್ಪನ ಹೊಟ್ಟೆಗೆ ಏನಾದರೂ ಬೀಳಲೆಂದು ಅವಳು ಮೊಬೈಲಿನಲ್ಲಿ ನೋಡಿ, ಹತ್ತೇ ನಿಮಿಷದಲ್ಲಿ ಆಗುತ್ತವೆಂದು ಅದು ಹೇಳಿದ ಸ್ಟಾರ್ಟರುಗಳನ್ನು ಎರಡು ಗಂಟೆ ಕೂತು ಮಾಡಿದ್ದಳು. ಗೋಡಂಬಿ ತುಂಬಿದ ಖರ್ಜೂರ, ಮೆಣಸಿನ ಪುಡಿ ಉದುರಿಸಿದ ಅರ್ಧರ್ಧ ಮೊಟ್ಟೆ, ಸೌತೆಕಾಯಿ ಬಿಲ್ಲೆ. ಎಲ್ಲಕ್ಕೂ ಒಂದೊಂದು ಹಲ್ಲುಕಡ್ಡಿ.

ಬೆಟ್ಟಮ್ಮ ತಟ್ಟೆಯ ಮೇಲೆ ಬಗ್ಗಿ ನೋಡಿದ್ದಳು. "ಇದೇನವ್ವ, ಎಲ್ಲಕ್ಕೂ ಕಡ್ಡಿ ಚುಚ್ಚಿಟ್ಟಿದ್ದೀಯ?"

"ಸ್ಟಾರ್ಟರ್ ಅತ್ತೆ. ಊಟಕ್ಕೆ ಮುಂಚೆ ತಿನ್ನೋದು."

"ಊಟಕ್ ಮುಂಚೆ ತಿನ್ನೋರು ಒಳ್ಗವ್ರೆ ಕಣಮ್ಮ, ಫೋಟೋದಲ್ಲಿ," ಎಂದು ಬೆಟ್ಟಮ್ಮ ತಟ್ಟೆಯನ್ನು ಎತ್ತಿಕೊಂಡು ಹೋಗಿ ಎಡೆಯ ಕೋಣೆಯಲ್ಲಿಟ್ಟಳು. "ನಿಮ್ಮಾವ ಇಂತಾದು ಕಂಡಿರ್ನಿಲ್ಲ. ತಿನ್ಲಿ."

ಚಂದನಳ ಗಂಡ ಶಶಿಧರ್ ಮಾವನಿಗೆ, "ಏಳ್ಗೆ ಎಡೆ, ಏಳೂಕಾಲ್ಗೆ ಊಟ," ಎಂದು ಹೇಳಿಬಿಟ್ಟಿದ್ದ. ಅದನ್ನು ನಂಬಿ ಮಹದೇವಯ್ಯ ಆರೂಮುಕ್ಕಾಲಿಗೆ ಬಚ್ಚಲಿಗೆ ಹೋಗಿ ಸೂಜಿ ಚುಚ್ಚಿಕೊಂಡು ಬಂದಿದ್ದರು. ಏಳಕ್ಕೆ ನಾಗರಾಜು ತಮ್ಮನಿಗೆ ಫೋನ್ ಮಾಡಿದ.

"ಬನ್ನೂರಲ್ಲೂ ಸಿಗ್ನಿಲ್ಲ ಕಣ್ಲಾ. ಮಳವಳ್ಳೀಲಿ ಒಬ್ಬ ಮನೇಲಿ ಮಡಗವ್ನಂತೆ. ಓಯ್ತಾ ಇವ್ನಿ."

"ಎಷ್ಟೊತ್ತಾಯ್ತದಣ್ಣ?"

"ಅವ್ನು ಬಾಗ್ಲು ತೆಗುದ್ರೆ ಬೇಗ ಆಯ್ತದೆ."

ಚಂದನ ಗಂಡನನ್ನು ಅಡುಗೆಮನೆಗೆ ಕರೆದಳು. "ಅಪ್ಪ ಸೂಜಿ ತಗೊಂಡಾಗಿದೆ. ಅತ್ತೆಗೆ ಹೇಳಿ."

"ನೀನೇ ಯೇಳು. ನಾನ್ ಯೇಳುದ್ರೆ ಎಂಡ್ತಿ ಕಡೆ ಅಂತಾರೆ."

"ನಾನು ಹೇಳಿದ್ರೆ?"

"ಅಪ್ಪನ್ ಕಡೆ ಅಂತಾರೆ," ಎಂದು ಶಶಿಧರ್ ಒಪ್ಪಿಕೊಂಡ. ವಿಷಯವನ್ನು ಇಷ್ಟು ಸ್ಪಷ್ಟವಾಗಿ ಅರ್ಥ ಮಾಡಿಕೊಂಡ ಮೇಲೆ ತನ್ನ ಕೆಲಸ ಮುಗಿಯಿತೆಂಬಂತೆ ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ.

ಚಂದನ ಒಂದು ಚಮಚ ಸಕ್ಕರೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಪ್ಪನ ಹತ್ತಿರ ಬಂದಳು. ಮಹದೇವಯ್ಯ ಕುರ್ಚಿಯ ಕೈಯನ್ನು ಹಿಡಿದುಕೊಂಡಿದ್ದರು. ಹೊಸ ಅಂಗಿಯ ಕೊರಳಪಟ್ಟಿ ಒದ್ದೆಯಾಗಿತ್ತು. ಯಾವಾಗಲೂ ಜೇಬಿನಲ್ಲಿರುತ್ತಿದ್ದ ಚಾಕ್ಲೇಟು ಹಳೆಯ ಅಂಗಿಯ ಜೊತೆ ಬೆಳಕವಾಡಿಯಲ್ಲೇ ಉಳಿದಿತ್ತು.

"ಬಾಯಿ ತೆಗಿ ಅಪ್ಪ."

"ಸುಮ್ಕಿರವ್ವ. ಬೀಗ್ರು ಮನೇಲಿ, ಸತ್ತೋರ್ಗಿಂತ ಮುಂಚೆ ತಿಂದ ಅನ್ನುಸ್ಕೊಳ್ಳನಾ? ನೀನು ಇಲ್ಲಿ ಬಾಳ್ಬೇಕಾದೋಳು." ಅವರು ತುಟಿ ಬಿಗಿದುಕೊಂಡರು. ಸಕ್ಕರೆ ನೆಲಕ್ಕೆ ಚೆಲ್ಲಿತು.

ಏಳೂವರೆಗೆ ಅವರು ಹಿರಿಯ ಸೊಸೆ ಕುಸುಮಳನ್ನು ತಮ್ಮ ಹೆಂಡತಿಯ ಹೆಸರಿನಿಂದ ಕರೆದು, ಎಮ್ಮೆಗೆ ನೀರು ತೋರಿಸಿದೆಯಾ ಎಂದು ಕೇಳಿದರು. ಕುಸುಮ ನಕ್ಕಳು. ಚಂದನ ನಗಲಿಲ್ಲ. ನೇರವಾಗಿ ಎಡೆಯ ಕೋಣೆಗೆ ಹೋಗಿ, ಮಾವನ ಫೋಟೋದ ಮುಂದಿನಿಂದ ತಟ್ಟೆ ಎತ್ತಿಕೊಂಡು ಬಂದು, ಎಲ್ಲರೂ ನೋಡುತ್ತಿದ್ದಂತೆ ಅಪ್ಪನ ಬಾಯಿಗೆ ಖರ್ಜೂರ ತುರುಕಿದಳು. ಒಂದು, ಇನ್ನೊಂದು, ಮತ್ತೊಂದು. ವೈದ್ಯರು ಮುಟ್ಟಲೇಬೇಡಿ ಎಂದಿದ್ದ ಪದಾರ್ಥವನ್ನು ಮಹದೇವಯ್ಯ ಮಗುವಿನಂತೆ ಅಗಿದರು.

ಬೆಟ್ಟಮ್ಮ ಬೀಗರ ಮುಖದ ಬೆವರು ನೋಡಿದಳು, ಸೊಸೆಯ ಕೈ ನೋಡಿದಳು, ತೆರೆದ ಕೋಣೆಯೊಳಗಿನ ಫೋಟೋ ನೋಡಿದಳು.

"ಸೂಜಿ ಚುಚ್ಕೊಂಡು ಕೂತವ್ರೆ ಅಂತ ನಂಗ್ಯಾಕ್ ಯೇಳ್ನಿಲ್ಲ?"

"ಹೆದರಿಕೆ ಆಯ್ತು ಅತ್ತೆ."

"ಈಗ?"

ಚಂದನ ಅಪ್ಪನ ಬಾಯಿಗೆ ಇನ್ನೊಂದು ಖರ್ಜೂರ ಇಟ್ಟಳು.

"ಆ ತಟ್ಟೆ ಒಂದೇ ತಾನೇ ಎಂಜ್ಲಾಗಿರದು? ಮಿಕ್ಕಿದ್ದು ಮುಟ್ನಿಲ್ವಲ್ಲ?"

"ಇಲ್ಲ."

"ಅಂಗಾರೆ ಅದ್ನ ಬೀಗ್ರೇ ಮುಗಿಸ್ಲಿ. ಎಡೆ ಆಗಗಂಟ ಬ್ಯಾರೆಯೋರು ತಿನ್ನಂಗಿಲ್ಲ. ಎಡೆ ಮನೇಲಿ ಇಟ್ಟಿದ್ದು, ಬಿಸಾಕಂಗೂ ಇಲ್ಲ."

ಹತ್ತು ನಿಮಿಷದಲ್ಲಿ ಮಹದೇವಯ್ಯನವರಿಗೆ ಪೂರ್ತಿ ಎಚ್ಚರ ಬಂತು. ಬಾರದಿದ್ದರೇ ಚೆನ್ನಾಗಿತ್ತೇನೋ. ನಡುಮನೆಯ ಮಧ್ಯೆ ಕುರ್ಚಿ; ಮಡಿಲಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡ್ಡಿ ನಿಂತ ತಟ್ಟೆ; ಸುತ್ತ ಬೆಳಗಿನಿಂದ ಉಪವಾಸವಿದ್ದ ಹೆಂಗಸರು, ಒಳಗೆ ಬಂದು ಗೋಡೆಗೊರಗಿದ ಅಳಿಯ, ಉಳಿದ ಮೊಟ್ಟೆ ಎಣಿಸುತ್ತಿದ್ದ ನಾಗರಾಜುವಿನ ಇಬ್ಬರು ಮಕ್ಕಳು.

"ಮಕ್ಳಿಗಾದ್ರೂ ಒಂದೊಂದು..." ಎಂದರು.

"ತಿನ್ನಿ ಬೀಗ್ರೇ. ನಮ್ ಕಡೆ ನೋಡ್ಬ್ಯಾಡಿ," ಎಂದಳು ಬೆಟ್ಟಮ್ಮ, ಅವರನ್ನೇ ನೋಡುತ್ತ.

ಅವರು ಮೊಟ್ಟೆಯೊಂದನ್ನು ಬಾಯಿಗಿಟ್ಟರು. ಆ ದಿನ ಆ ಮನೆಯ ಉಪ್ಪು ನೋಡಿದ ಮೊದಲ ನಾಲಿಗೆ ಅದು. ಬೆಟ್ಟಮ್ಮ ಮುಂದಕ್ಕೆ ಬಾಗಿದಳು.

"ಉಪ್ಪು ಎಂಗದೆ?"

ಉಪ್ಪು ಇರಲೇ ಇಲ್ಲ. ಮಹದೇವಯ್ಯ ಮಗಳ ಮುಖ ನೋಡಿದರು.

"ಸರ್ಯಾಗದೆ ತಾಯಿ."

ಶಶಿಧರನ ಫೋನು ಬಡಿದುಕೊಂಡಿತು. ಮಳವಳ್ಳಿಯವನು ಇನ್ನೂ ಬಾಗಿಲು ತೆಗೆದಿರಲಿಲ್ಲ. ಮಹದೇವಯ್ಯ ಇನ್ನೊಂದು ಕಡ್ಡಿ ಎತ್ತಿಕೊಂಡರು.