ಅಲುಗಿಸಿ ನೋಡುವ ಸುಭಾನಸಾಬರು

ಸುಭಾನಸಾಬರು ಯಾವ ಕುರ್ಚಿಯ ಮೇಲೂ ಅದನ್ನು ಅಲುಗಿಸಿ ನೋಡದೆ ಕುಳಿತವರಲ್ಲ. ಬೀಗರ ಮನೆಯಿರಲಿ, ಮಾಮಲೇದಾರರ ಕಚೇರಿಯಿರಲಿ, ಮೊದಲು ಎರಡೂ ಕೈಯಿಂದ ಅದರ ಬೆನ್ನು ಹಿಡಿದು ಹಿಂದೆ ಮುಂದೆ ಜಗ್ಗಿ, ಬಗ್ಗಿ ನಾಲ್ಕೂ ಕಾಲು ಪರೀಕ್ಷಿಸಿ, ಆಮೇಲೆ ಅಂಚಿನಲ್ಲಿ ಅರ್ಧ ಕುಳಿತು, ಮಾತು ಮುಗಿಯುವ ಮೊದಲೇ ಎದ್ದುಬಿಡುತ್ತಿದ್ದರು. ಏಣಿಯ ಮೆಟ್ಟಿಲು, ಬಾಗಿಲ ಚಿಲಕ, ಚಹದ ಕಪ್ಪಿನ ಹಿಡಿ, ಯಾವುದೂ ಅವರ ಸಂಶಯದಿಂದ ಪಾರಾದದ್ದಿಲ್ಲ. “ಅಲಗಸದ ಮನಿಗೆ ತಂದಿದ್ದು ನನ್ನ ಒಬ್ಬಾಕಿನ್ನ ನೋಡ್ರಿ” ಎಂದು ಅವರ ಹೆಂಡತಿ ಮೈಮುನಾಬಿ ಒಮ್ಮೆ ಪಡದೆಯ ಆಚೆಯಿಂದ ಹೇಳಿದಾಗ, ಸಾಬರು ನಗಲಿಲ್ಲ. ಎದ್ದು ಹೋಗಿ ಪಡದೆಯ ಸರಳನ್ನು ಜಗ್ಗಿ ನೋಡಿದರು.

ಹುಕ್ಕೇರಿಯಲ್ಲಿ ಅವರದು ಚೆನ್ನಾಗಿ ನಡೆಯುವ ಬಟ್ಟೆ ಅಂಗಡಿ. ಹಾರಾಟಕ್ಕೂ ಅವರಿಗೂ ಸಂಬಂಧ ಹುಟ್ಟಿದ್ದು ಮೂಡಲಗಿಯ ಪರಪ್ಪನಿಂದ. ಬೆಲ್ಲದ ವ್ಯಾಪಾರದ ಮನೆತನದ ಈ ತರುಣ ಪುಣೆಯಲ್ಲಿ ಓದು ಬಿಟ್ಟು, ಗ್ಲೈಡರೆಂಬ ಮೋಟಾರಿಲ್ಲದ ವಿಮಾನ ಹಾರಿಸುವುದನ್ನು ಕಲಿತು ಬಂದಿದ್ದ. ಗೋಕಾಕದ ಗೆಳೆಯರದೊಂದು ಮಂಡಳಿ ಕಟ್ಟಿಕೊಂಡು ಅಂಥದೊಂದನ್ನು ತಾನೇ ಕಟ್ಟಿ, ಹತ್ತರಗಿಯ ಗುಡ್ಡದ ಮೇಲಿಂದ ಹಾರಿಸಲು ಹೊರಟಾಗ, ರೆಕ್ಕೆಗೆ ಹೊದಿಸುವ ಬಟ್ಟೆ ಸಾಬರ ಅಂಗಡಿಯಿಂದಲೇ ಬಂತು. “ನನ್ನ ಅರಿವಿ ಹೆಂಗ ಹಾರತೈತಿ ನೋಡೂನು” ಎಂದು ಒಂದು ಆದಿತ್ಯವಾರ ನೋಡಲು ಬಂದವರು, ಮಹಾಯುದ್ಧ ಬಂದು ನಮ್ಮ ಮಂಡಳಿ ಮುಚ್ಚುವವರೆಗೆ ಒಂದು ಆದಿತ್ಯವಾರವನ್ನೂ ತಪ್ಪಿಸಲಿಲ್ಲ. ತಪಾಸಣೆಗೆಂದು ಅವರನ್ನು ಯಾರೂ ನೇಮಿಸಿರಲಿಲ್ಲ. ನಾನು ಗೋಕಾಕದಲ್ಲಿ ವಕೀಲಿ ನಡೆಸುತ್ತಿದ್ದೆ. ಕಕ್ಷಿದಾರರು ಕಡಿಮೆ, ಬಿಡುವು ಹೆಚ್ಚು, ಆದ್ದರಿಂದ ಗ್ಲೈಡರಿನ ಬಾಲ ಹಿಡಿಯುವವರ ಗುಂಪಿನಲ್ಲಿ ನನಗೊಂದು ಕಾಯಂ ಸ್ಥಾನವಿತ್ತು.

ಬೇಸಿಗೆಯಲ್ಲೂ ಬಿಡದ ಕರಿಯ ಕೋಟು ತೊಟ್ಟು, ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆಯುವವರ ಹಾಗೆ ಚುರುಚುರು ಹೆಜ್ಜೆಯಿಡುತ್ತ ಅವರು ಇಳಿಜಾರಿನ ಉದ್ದಕ್ಕೂ ಓಡಾಡುತ್ತಿದ್ದರು. ಗ್ಲೈಡರನ್ನು ಎಳೆಯುವ ಹಗ್ಗ ಹಿಡಿದು ಓಡುವವರ ಕಾಲಿಗೆ ಸಿಕ್ಕಬಹುದಾದ ಕಲ್ಲು, ಜಾಲಿಮುಳ್ಳು, ಎತ್ತಿನ ಲಾಳದ ಮೊಳೆ ಎಲ್ಲವೂ ಕೋಟಿನ ಜೇಬು ಸೇರಿ, ಜೇಬುಗಳು ಮೊಣಕಾಲಿನವರೆಗೆ ಜೋತುಬಿದ್ದಿದ್ದವು. ರೆಕ್ಕೆಯ ಒಂದೊಂದು ತಂತಿಯನ್ನೂ ಮೀಟುವರು, ಹಗ್ಗವನ್ನು ಅಂಗೈಯಲ್ಲಿ ಉಜ್ಜಿ ನೋಡುವರು. ಎಲ್ಲವನ್ನೂ ನೋಡಿದ್ದೇವೆಂದು ನಾವು ಆಣೆಯಿಟ್ಟರೂ ಅವರದೊಂದೇ ಪ್ರಶ್ನೆ: “ನೋಡೀರಿ, ಖರೆ. ಆಮ್ಯಾಲ ಯಾರ ಮುಟ್ಯಾರ?”

ಆ ಪ್ರಶ್ನೆ ನಮ್ಮ ಜೀವ ಹಿಂಡುತ್ತಿತ್ತು. ನಿಜ ಹೇಳಬೇಕೆಂದರೆ, ಅವರ ಸಂಶಯಗಳಲ್ಲಿ ಮುಕ್ಕಾಲು ಸುಳ್ಳಾಗುತ್ತಿದ್ದವು. ಒಮ್ಮೆ ಬೆಳಗಾವಿಯಿಂದ ದೊಡ್ಡವರು ಬಂದು ಕುಳಿತಿದ್ದಾಗ, ಗಾಳಿಯ ವಾಸನೆ ಸರಿಯಿಲ್ಲವೆಂದು ಹಗ್ಗದ ಮೇಲೆ ಕುಳಿತುಬಿಟ್ಟರು, ಸಂಜೆಯವರೆಗೆ ಏಳಲಿಲ್ಲ. ಗಾಳಿಗೆ ಏನೂ ಆಗಲಿಲ್ಲ. ಪರಪ್ಪ ಆ ಮಳೆಗಾಲ ಮುಗಿಯುವವರೆಗೆ ಅವರೊಂದಿಗೆ ಮಾತು ಬಿಟ್ಟಿದ್ದ. ಸಾಬರು ಮಾತ್ರ ಮರುವಾರವೇ ಬಂದು ಅವನ ಎದುರಿನಲ್ಲಿಯೇ ತಂತಿ ಮೀಟತೊಡಗಿದರು.

ಯುದ್ಧದ ಹಿಂದಿನ ವರ್ಷ ಅವರನ್ನು ಸನ್ಮಾನಿಸುವುದೆಂದು ತೀರ್ಮಾನವಾಯಿತು. ಪರಪ್ಪನದೇ ಸೂಚನೆ, ಹುಡುಗನಿಗೆ ಒಳಗೊಳಗೆ ಪ್ರೀತಿಯಿತ್ತು. ಮಾನಪತ್ರ ಬರೆಯುವ ಹೊಣೆ ನನ್ನ ತಲೆಗೆ ಬಂತು. ಸಾಬರು ಯಾರ ಯಾರ ಪ್ರಾಣ ಉಳಿಸಿದ್ದಾರೆ, ಒಂದೆರಡು ಪ್ರಸಂಗ ಸೇರಿಸಿ ಎಂದು ಸಭೆಯ ಅಧ್ಯಕ್ಷರು ಕೇಳಿದರು. ನಾನು ತಲೆ ಕೆರೆದುಕೊಂಡದ್ದೇ ಬಂತು. ಇಷ್ಟು ವರ್ಷಗಳಲ್ಲಿ ಮೊಣಕಾಲು ತರಚಿದ್ದಕ್ಕಿಂತ ದೊಡ್ಡದೇನೂ ಆ ಗುಡ್ಡದ ಮೇಲೆ ನಡೆದಿರಲಿಲ್ಲ.

ಸನ್ಮಾನದ ದಿನ ಗುಡ್ಡದ ಮೇಲೆ ಚಪ್ಪರ, ಜರಿ ಹೊದಿಸಿದ ಕುರ್ಚಿ. ಸಾಬರು ಅದನ್ನೂ ಅಲುಗಿಸಿ ನೋಡಿದರು, ಸಭೆ ನಕ್ಕಿತು. “ಇವತ್ತೊಂದ ದಿನಾ ಸುಮ್ನ ಕುಂದರ್ರಿ ಕಾಕಾ. ಮುಂಜಾನೆ ನಾನ ಎಲ್ಲಾ ನೋಡೇನಿ” ಎಂದು ಪರಪ್ಪ ಅವರ ಹೆಗಲು ಒತ್ತಿ ಕೂರಿಸಿ ಹೋದ. ಮಾನಪತ್ರ ಓದಿ ಮುಗಿಸಿ ನಾನೂ ಗ್ಲೈಡರಿನ ಬಾಲಕ್ಕೆ ಹೋದೆ. ಅಧ್ಯಕ್ಷರ ಭಾಷಣ ಮುಗಿದೊಡನೆ ಹಾರಾಟ.

ಆ ಹಾರಾಟದ ಕ್ರಮವನ್ನು ಇಲ್ಲಿ ಹೇಳಬೇಕು. ಗ್ಲೈಡರಿನ ಮೂಗಿನ ಕೆಳಗೆ ಬಾಯ್ತೆರೆದ ಒಂದು ಕಬ್ಬಿಣದ ಕೊಂಡಿ. ಉದ್ದನೆಯ ರಬ್ಬರು ಹಗ್ಗದ ನಡುವಿನ ಬಳೆಯನ್ನು ಅದಕ್ಕೆ ಸಿಕ್ಕಿಸಿ, ಎರಡೂ ತುದಿ ಹಿಡಿದು ಜನ ಇಳಿಜಾರಿನಲ್ಲಿ ಓಡುತ್ತಾರೆ. ಬಾಲ ಹಿಡಿದ ನಾವು ಕೈಬಿಟ್ಟೊಡನೆ ಗ್ಲೈಡರು ಕವಣೆಯ ಕಲ್ಲಿನಂತೆ ಚಿಮ್ಮುತ್ತದೆ, ಹಗ್ಗ ಸಡಿಲಾದಾಗ ಬಳೆ ತಾನಾಗಿ ಕಳಚಿ ಬೀಳುತ್ತದೆ. ಬೀಳದಿದ್ದರೆ ಹಗ್ಗವೇ ಮೂಗನ್ನು ಕೆಳಗೆಳೆಯುತ್ತದೆ; ಕೆಳಗೆ ಬರೀ ಬಂಡೆ.

ಅಂದು ಪರಪ್ಪನ ತಾಯಿ ಬಾಳವ್ವ ಮೊದಲ ಸಲ ಮಗನ ಹಾರಾಟ ನೋಡಲು ಬಂದಿದ್ದರು. ಮಗ ಪಟ್ಟಿ ಬಿಗಿದುಕೊಂಡು ಕುಳಿತಿದ್ದ. ತಾಯಿ ಹೊಸ ಬಂಡಿಗೆ ಮಾಡುವಂತೆ ಗ್ಲೈಡರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಚೆಂಡುಹೂವಿನ ಮಾಲೆಯನ್ನು ಮೂಗಿಗೆ ಕಟ್ಟಿದರು. ನಾವೆಲ್ಲ ಕೈಮುಗಿದೆವು.

ಚಪ್ಪರದಲ್ಲಿ ಅಧ್ಯಕ್ಷರು ಸಾಬರ ಗುಣಗಾನದ ಮಧ್ಯದಲ್ಲಿದ್ದರು. ಸಾಬರು ಎದ್ದರು. ಶಾಲು ಜಾರಿ ಬಿತ್ತು. ಮಾತು ಅರ್ಧಕ್ಕೇ ನಿಂತಿತು, ಜನ ಗೊಣಗಿದರು, ಅವರು ಚುರುಚುರು ಹೆಜ್ಜೆಯಲ್ಲಿ ನೆಟ್ಟಗೆ ನಮ್ಮ ಕಡೆಗೇ ಬಂದರು. ನನಗೆ ನಾಚಿಕೆಯಾಗಿ, ಅವರನ್ನು ತಿರುಗಿ ಕಳಿಸಲು ಮುಂದೆ ಹೋದೆ. ಅವರು ನನ್ನ ಕೈ ಹಿಡಿದು ಕೊಂಡಿಗೆ ಮುಟ್ಟಿಸಿದರು. ಮಾಲೆ ನಿಲ್ಲಲು ಅಲ್ಲಿದ್ದ ಗೂಟವೆಂದರೆ ಆ ಕೊಂಡಿಯೊಂದೇ. ಹೊಸೆದ ನೂಲು ಅದರ ಬಾಯಿಗೆ ಸುತ್ತು ಸುತ್ತಾಗಿ ಬಿಗಿದಿತ್ತು, ಬಳೆ ಕಳಚಲಾಗದಂತೆ ಒಳಗೆ ಸಿಕ್ಕಿಕೊಂಡಿತ್ತು. ನಾನು ಕೆಳಗಿನ ಬಂಡೆಗಳ ಕಡೆ ನೋಡಿದೆ.

“ಇವತ್ತರ ಬಿಡ್ರಿ ಕಾಕಾ” ಎಂದು ಮೇಲಿನಿಂದ ಪರಪ್ಪ ಬೇಸರಪಟ್ಟ. ಮೂಗಿನ ಕೆಳಗಿನದು ಅವನಿಗೆ ಕಾಣುವಂತಿರಲಿಲ್ಲ.

ಸಾಬರು ಬಾಳವ್ವನವರ ಕಡೆಗೆ ತಿರುಗಿದರು. “ಅಕ್ಕಾರ, ಈ ಮಾಲಿ ನನಗ ಕೊಡ್ರಿ.”

“ದೇವರ ಹೆಸರಿನ್ಯಾಗ ಕಟ್ಟೇನ್ರಿ ಸಾಬರ. ಕಟ್ಟಿದ್ದ ಬಿಚ್ಚಬಾರದು.”

“ಅಲ್ಲಿ ನನಗ ಹಾಕಿದ್ದು ಕಾಗದದ ಹೂವಿನ ಮಾಲಿ ಅಕ್ಕಾರ. ಇವತ್ತ ಮಾನ ನಂದು. ನಿಮ್ಮ ಕೈಯಿಂದ ಇದನ್ನ ಕೊಡ್ರಿ, ನನಗೂ ಹರಸಿದಂಗ ಆಗತೈತಿ.”

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾಳವ್ವ ಮಗನನ್ನು ನೋಡಿದರು, ಸಾಬರನ್ನು ನೋಡಿದರು, ಹಿಂಜರಿದರು. ಸಾಬರು ಕೊಂಡಿಯ ಮೇಲಿನ ಕೈ ತೆಗೆಯಲಿಲ್ಲ. ಕೊನೆಗೆ ಆಕೆಯೇ ಬಗ್ಗಿ, ಹಲ್ಲಿನಿಂದ ಗಂಟು ಸಡಿಲಿಸಿ, ಮಾಲೆ ಬಿಚ್ಚಿ ಅವರ ಬೊಗಸೆಗೆ ಹಾಕಿದರು. ಸಾಬರು ಅದನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡು, ಬಳೆಯನ್ನು ಅಲುಗಿಸಿ ನೋಡಿ, “ಹೂಂ” ಎಂದರು. ಪರಪ್ಪ ಹಾರಿದ, ಕೆಳಗಿನ ಹೊಲದಲ್ಲಿ ನಗುತ್ತ ಇಳಿದ.

ತಿರುಗಿ ಬರುವಾಗ, ಬಾಳವ್ವನವರಿಗೆ ಕಾರಣವನ್ನೇಕೆ ಹೇಳಲಿಲ್ಲವೆಂದು ಸಾಬರನ್ನು ಕೇಳಿದೆ. “ನನಗಂತೂ ನಿದ್ದಿ ಬರೂದಿಲ್ಲ ವಕೀಲರ. ಆಕಿದೂ ಯಾಕ ಕೆಡಸ್ಲಿ” ಎಂದರು. ಮುಂದಿನ ವಾರದಿಂದ ಪೂಜೆ ಮೊದಲು, ತಪಾಸಣೆ ಆಮೇಲೆ ಎಂಬ ನಿಯಮವಾಯಿತು. ಯಾಕೆಂದು ಯಾರೂ ಕೇಳಲಿಲ್ಲ. ಸಾಬರ ಹುಚ್ಚುಗಳಲ್ಲಿ ಅದೂ ಒಂದೆಂದುಕೊಂಡರು.

ಸಾಬರು ಈಗಿಲ್ಲ, ಬಾಳವ್ವನವರೂ ಇಲ್ಲ; ಅದಕ್ಕೇ ಇದನ್ನು ಬರೆದೆ. ಬದುಕಿರುವವರೆಗೂ ಆಕೆ, “ಆ ಸಾಬರಿಗೆ ಹೂವಿನ ಆಶಿ ಭಾಳ ನೋಡ್ರಿ, ಇಮಾನಕ್ಕ ಕಟ್ಟಿದ್ದನ್ನೂ ಬಿಡಲಿಲ್ಲ” ಎಂದು ಹೇಳಿ ನಗುತ್ತಿದ್ದರು, ಪಕ್ಕದಲ್ಲಿ ಕುಳಿತ ಪರಪ್ಪನೂ ನಗುತ್ತಿದ್ದ. ಇಂಥವರ ಮಾನಪತ್ರದಲ್ಲಿ ಪ್ರಸಂಗಗಳಿರುವುದಿಲ್ಲ, ಯಾಕೆಂದರೆ ಪ್ರಸಂಗ ನಡೆಯಗೊಡದಿರುವುದೇ ಅವರ ಕೆಲಸ. ನಮ್ಮ ಕಣ್ಣಿಗೆ ಕಾಣುವುದು ಅವರ ಚಡಪಡಿಕೆಯೊಂದೇ. ಅದನ್ನು ನೆನೆನೆನೆದು ನಾವು ನಗುತ್ತೇವೆ, ನಗಲು ನಾವು ಉಳಿದದ್ದು ಹೇಗೆಂದು ಗೊತ್ತಿಲ್ಲದೆ.