ಗಿರಾಕಿ ಕೂತಿರುವ ತನಕ

ವಿಘ್ನೇಶ್ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತದ್ದೇ ತಡ, ನಿಶ್ಮಿತಾ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕತೊಡಗಿದಳು. ಬರುವವಳಿಗೆ ತರಬೇತಿ ಆಗಿದೆಯೇ, ಅವಳು ರಜೆ ಹಾಕಿದರೆ ಬದಲಿ ಬರುತ್ತಾರೆಯೇ, ಮುಖ್ಯವಾಗಿ, ಅಪ್ಪನಿಗೆ ತಾಳ್ಮೆಯಿಂದ ಉಣ್ಣಿಸುತ್ತಾಳೆಯೇ? ವಯಸ್ಸಾದವರನ್ನು ಮನೆಗೇ ಬಂದು ನೋಡಿಕೊಳ್ಳುವ ಏಜೆನ್ಸಿಯ ಸೂಪರ್‌ವೈಸರ್ ಅವನು. ಎಲ್ಲದಕ್ಕೂ ಹೂಂ ಎಂದ. ಮೊದಲಿನ ಏಜೆನ್ಸಿಯವರೂ ಹೀಗೇ ಹೂಂಗುಟ್ಟಿದ್ದರು, ಅವರ ಬಾಯಿಗಿಷ್ಟು ಮಣ್ಣು ಹಾಕ.

ಅವರು ಕಳಿಸಿದ್ದ ನಾಗಮಣಿ ಇಡೀ ದಿನ ಮನೆಯಲ್ಲೇ ಇರುತ್ತಿದ್ದಳು. ಆದರೂ ನಿಶ್ಮಿತಾ ಚೆನ್ನೈನ ಅಣ್ಣಾ ನಗರದ ಆಫೀಸಿನಿಂದ ಬರುವಾಗ ಬಡಿಸಿದ ಅನ್ನ ತಟ್ಟೆಯಲ್ಲೇ ಒಣಗಿರುತ್ತಿತ್ತು. ಅಪ್ಪ ಕೃಷ್ಣರಾಜರು ಎಲುಬಿನ ಹಂದರವಾಗಿದ್ದರು. ಭಾನುವಾರ ಮಗಳೊಬ್ಬಳೇ ಇದ್ದು ಪಕ್ಕದಲ್ಲಿ ನಿಂತು ಬಡಿಸುವಾಗ ಮಾತ್ರ ಹೊಟ್ಟೆತುಂಬ ಉಣ್ಣುತ್ತಿದ್ದರು. ಇನ್ನು ತಪ್ಪು ಯಾರದೆಂದು ಬೇರೆ ಹೇಳಬೇಕೆ? ಬಾಯಿಗೆ ಬಂದಂತೆ ಬೈದು ನಾಗಮಣಿಯನ್ನು ಓಡಿಸಿದ್ದಳು. ಈಗ ನಿಶ್ಮಿತಾಳ ರಜೆಗಳೆಲ್ಲ ಮುಗಿದಿದ್ದವು. ಸೋಮವಾರ ಬಾರದಿದ್ದರೆ ಇನ್ನು ಬರುವುದೇ ಬೇಡ ಎಂದು ಆಫೀಸಿನವರು ಹೇಳಿಯಾಗಿತ್ತು. ನಂಬಿಕೊಳ್ಳಲು ಇದ್ದದ್ದು ಇದೊಂದೇ ಏಜೆನ್ಸಿ.

ಒಮ್ಮೆ ತನ್ನೆದುರೇ ಊಟ ಮಾಡಲಿ, ನೋಡುತ್ತೇನೆ ಎಂದ ವಿಘ್ನೇಶ್. ನಿಶ್ಮಿತಾ ಅನ್ನಕ್ಕೆ ಸಾರು ಕಲಸಿ ಮೇಜಿನ ಮೇಲಿಟ್ಟು ಅಪ್ಪನನ್ನು ಕರೆದಳು. ಒಳಗಿನಿಂದ ಬಂದ ಕೃಷ್ಣರಾಜರು ಕುರ್ಚಿಯಲ್ಲಿದ್ದ ವಿಘ್ನೇಶನನ್ನು ಕಂಡದ್ದೇ ಬೆನ್ನು ನೆಟ್ಟಗೆ ಮಾಡಿದರು. ಹೆಗಲ ಬೈರಾಸಿನಿಂದ ಮೇಜು ಒರೆಸಿದರು. ನೀರಿನ ಲೋಟ ತಂದಿಟ್ಟು ಇಡ್ಲಿ, ವಡೆ, ಪೊಂಗಲ್, ಪೂರಿ ಎಂದು ಒಂದೇ ಉಸಿರಿಗೆ ಹೇಳಿ, ಯಾವುದು ಕೊಡಲಿ ಎಂದು ತಮಿಳಿನಲ್ಲಿ ವಿಚಾರಿಸಿದರು. ತ್ರಿಪ್ಲಿಕೇನಿನ ಹೋಟೆಲಿನಲ್ಲಿ ಸಪ್ಲಯರ್ ಆಗಿ ಆಯಸ್ಸು ಸವೆಸಿದವರು. ಮರೆವಿನ ಕಾಯಿಲೆಯಲ್ಲಿ ಎಲ್ಲ ಮರೆತರೂ ಆ ರೂಢಿ ಉಳಿದಿತ್ತು.

"ಅಪ್ಪಾ, ಕೂತ್ಕೊಳ್ಳಿ. ಅನ್ನ ಆರ್ತದೆ."

ಅವರು ಮಗಳ ಕಿವಿಯ ಬಳಿ ಬಾಗಿ ತಗ್ಗಿದ ದನಿಯಲ್ಲಿ ಗದರಿಸಿದರು. "ಗಿರಾಕಿ ಕೂತಿರುವಾಗ ನಾವು ಉಣ್ಲಿಕ್ಕುಂಟಾ? ಎಲ್ಲ ಹೋಗ್ಲಿ, ಶಟರ್ ಎಳೀಲಿ. ಮತ್ತೆ ಉಣ್ಣುವ."

ನಿಶ್ಮಿತಾ ವಿಘ್ನೇಶ್ ಕೂತಿದ್ದ ಕುರ್ಚಿಯನ್ನು ನೋಡಿದಳು. ನಾಗಮಣಿ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದದ್ದು ಅದೇ ಕುರ್ಚಿಯಲ್ಲಿ. ಅಯ್ಯೋ ದೇವರೇ, ಆ ಹೆಂಗಸಿಗೆ ಏನೇನು ಅಂದುಬಿಟ್ಟೆ!

ಅಪ್ಪ ಅಂದದ್ದನ್ನು ವಿಘ್ನೇಶನಿಗೆ ಹೇಳಿ, ಬರುವವಳು ಊಟದ ಹೊತ್ತಿಗೆ ಬಾಗಿಲಾಚೆ ನಿಂತರೆ ಆಗದೇ ಎಂದು ಅಂಗಲಾಚಿದಳು. ವಿಘ್ನೇಶ್ ಆಗದೆಂದು ತಲೆಯಾಡಿಸಿದ. ಉಣ್ಣುವಾಗ ಒಂಟಿಯಾಗಿ ಬಿಡುವ ಹಾಗಿಲ್ಲ, ತುತ್ತು ಗಂಟಲಿಗೆ ಸಿಕ್ಕಿಕೊಂಡರೆ ಜವಾಬ್ದಾರಿ ಯಾರದು ಎಂದ. ಅವಳು ಕೈ ಮುಗಿದಳು. ಒಂದು ವಾರವಾದರೂ ಕಳಿಸಿ ನೋಡಿ ಎಂದಳು. ಅವನು ಎದ್ದುನಿಂತ.

"ತಪ್ಪು ತಿಳ್ಕೋಬೇಡಿ ಮೇಡಂ. ಯಾರನ್ನ ಕಳಿಸಿದ್ರೂ ನಿಮ್ಮಪ್ಪನಿಗೆ ಗಿರಾಕಿನೇ."

ಅವನು ಮೆಟ್ಟಿಲಿಳಿದ ಮೇಲೆ ನಿಶ್ಮಿತಾ ಅಪ್ಪನಿಗೆ ಕೇಳಿಸಲೆಂದೇ ಬಾಗಿಲನ್ನು ದಡಾರನೆ ಹಾಕಿದಳು. ಎಲ್ಲ ಹೋದರು, ಇನ್ನು ಉಣ್ಣುವ ಎಂದು ಹೇಳಿ ಅದೇ ಕುರ್ಚಿಯಲ್ಲಿ ಕೂತಳು. ಕೃಷ್ಣರಾಜರು ತಟ್ಟೆಗೆ ಕೈಹಾಕಿದವರು ಅವಳನ್ನು ನೋಡಿದರು. ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು. ಮತ್ತೊಮ್ಮೆ ಮೇಜು ಒರೆಸಿ ಅವಳ ಮುಂದೆ ಒಂದು ಲೋಟ ನೀರಿಟ್ಟರು.

"ತಿಂಡಿ ಎಂತ ಕೊಡ್ಲಿ ಮೇಡಂ?"

ಅವಳು ಲೋಟ ಎತ್ತಿಕೊಂಡಳು. ನೀರು ಕುಡಿದು ಲೋಟ ಕೆಳಗಿಟ್ಟಳು. ಎದ್ದು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಆಮೇಲೆ ಒಳಗಿನಿಂದ ಕುರ್ಚಿ ಎಳೆದ ಸದ್ದು, ತಟ್ಟೆಯ ಸದ್ದು. ಕೆಮ್ಮು ಬರುತ್ತದೆಯೇನೋ ಎಂದು ಬಾಗಿಲಿಗೆ ಕಿವಿಯಿಟ್ಟು, ಚಿಲಕದ ಮೇಲೆ ಕೈಯಿಟ್ಟು, ನಿಶ್ಮಿತಾ ಹೊರಗೇ ನಿಂತಳು.